ಗ್ಯಾಂಟ್ ನಕ್ಷೆಯಿಂದ ಮುಕ್ತ ತಂತ್ರಾಂಶದವರೆಗೆ

ಹಾಸನ ಜಿಲ್ಲೆಯಲ್ಲಿ ಕಳೆದ ಐದಾರು ದಶಕಗಳಲ್ಲಿ ನಡೆದ ದೊಡ್ಡ ಕಾಮಗಾರಿಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಗೊರೂರಿನ ಬಳಿ ಹೇಮಾವತಿ ಅಣೆಕಟ್ಟಿನ ನಿರ್ಮಾಣ 1968ರಲ್ಲಿ ಆರಂಭವಾಗಿ 1979ರಲ್ಲಿ ಮುಗಿಯಿತು. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯ ಸಿದ್ಧವಾಯಿತು. ಆದರೆ ಆ ನೀರನ್ನು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಹೊಲಗಳಿಗೆ ಒಯ್ಯಬೇಕಾದ ಕಾಲುವೆಗಳ ಕೆಲಸ ಆಮೇಲೂ ಎಷ್ಟೋ ವರ್ಷ ಮುಂದುವರಿಯಿತು. ಹಾಸನ ನಗರದ ಅಂಚಿನಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರದ ಕಥೆ ಬೇರೆ. ಇನ್ಸಾಟ್-1ಎ ಉಪಗ್ರಹ 1982ರ ಏಪ್ರಿಲ್ 10ರಂದು ಉಡಾವಣೆಯಾಯಿತು. ಕಕ್ಷೆಗೇರಿದ ಉಪಗ್ರಹದೊಡನೆ ಮಾತನಾಡಲು ನೆಲದ ಮೇಲಿನ ಕೇಂದ್ರ ಮೊದಲೇ ಸಿದ್ಧವಿರಬೇಕಲ್ಲವೆ? ಇಲ್ಲಿ ಒಂದು ಕೆಲಸದ ಕೊನೆಯ ದಿನವನ್ನು ಬೇರೊಂದು ಕೆಲಸದ ಮೊದಲ ದಿನ ನಿರ್ಧರಿಸಿತ್ತು. ಇನ್ನು ಹಾಸನದಿಂದ ಚನ್ನರಾಯಪಟ್ಟಣ, ಶ್ರವಣಬೆಳಗೊಳಗಳ ಮೂಲಕ ಬೆಂಗಳೂರು ಸೇರುವ ರೈಲು ಮಾರ್ಗ. 1996-97ರಲ್ಲಿ ಮಂಜೂರಾದ ಈ ಮಾರ್ಗದಲ್ಲಿ ಹಾಸನ-ಶ್ರವಣಬೆಳಗೊಳ ಭಾಗ 2006ರಲ್ಲಿ ತೆರೆಯಿತು. ಆ ವರ್ಷವೇ ಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕವೂ ನಡೆಯಿತು. ಉಳಿದ ಭಾಗ ಪೂರ್ಣಗೊಂಡು ಬೆಂಗಳೂರಿನವರೆಗೆ ರೈಲು ಓಡಿದ್ದು 2017ರ ಮಾರ್ಚ್‌ನಲ್ಲಿ.

ಒಂದೇ ಜಿಲ್ಲೆಯ ಈ ಮೂರು ಕೆಲಸಗಳಿಗೆ ಮೂರು ಬಗೆಯ ಕಾಲಗತಿ. ಮೂರರಲ್ಲೂ ಒಂದೇ ಪ್ರಶ್ನೆ ಅಡಗಿದೆ: ಯಾವುದು ಮುಗಿಯದೆ ಯಾವುದು ಆರಂಭವಾಗದು? ಎಲ್ಲಿ ಒಂದು ದಿನ ತಡವಾದರೆ ಇಡೀ ಕೆಲಸವೇ ಒಂದು ದಿನ ತಡವಾಗುತ್ತದೆ, ಎಲ್ಲಿ ಹತ್ತು ದಿನ ತಡವಾದರೂ ಏನೂ ಆಗದು? ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಹುಡುಕುವ ವಿದ್ಯೆಗೆ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಈಗ ಅದು ಬಿಡಿಕಾಸಿನ ಖರ್ಚಿಲ್ಲದೆ ಯಾವ ಶಾಲೆಯ ಗಣಕದಲ್ಲಿಯಾದರೂ ಸಿಗುವ ತಂತ್ರಾಂಶವಾಗಿ ಬಂದು ನಿಂತಿದೆ. ಅದು ನಮಗೆ ಬೇಕೆ, ಬೇಕಾದರೆ ಯಾವುದು, ಎಷ್ಟರಮಟ್ಟಿಗೆ ಎಂಬುದನ್ನು ಅಳೆಯಬೇಕಾದರೆ ಅದು ಬಂದ ದಾರಿಯನ್ನು ನೋಡುವುದು ಒಳ್ಳೆಯದು.

ಗೆರೆಯೇ ಕಾಲವಾದಾಗ

ಕಾಲವನ್ನು ಅಡ್ಡಗೆರೆಯಾಗಿ ಎಳೆಯಬಹುದು ಎಂಬುದು ನಮಗೆ ಇಂದು ತೀರ ಸಹಜವೆನಿಸುತ್ತದೆ. ಚಲನೆಯ ಪಾಠದಲ್ಲಿ ಅಡ್ಡ ಅಕ್ಷದ ಮೇಲೆ ಕಾಲವನ್ನು ಗುರುತಿಸದ ವಿದ್ಯಾರ್ಥಿಯುಂಟೆ? ಆದರೆ ಈ ಕಲ್ಪನೆಯನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬ ರಸಾಯನ ವಿಜ್ಞಾನಿ. ಆಕ್ಸಿಜನ್ ಅನಿಲದ ಪಾಠದಲ್ಲಿ ಬರುವ ಜೋಸೆಫ್ ಪ್ರೀಸ್ಟ್ಲಿ 1765ರಲ್ಲಿ ಪ್ರಸಿದ್ಧ ವ್ಯಕ್ತಿಗಳ ಜೀವಿತಾವಧಿಯನ್ನು ಉದ್ದ-ಗಿಡ್ಡ ಗೆರೆಗಳಲ್ಲಿ ತೋರಿಸುವ ನಕ್ಷೆಯೊಂದನ್ನು ಪ್ರಕಟಿಸಿದ. ಯಾರು ಯಾರ ಸಮಕಾಲೀನರು ಎಂಬುದು ಆ ನಕ್ಷೆಯಲ್ಲಿ ನೋಡಿದೊಡನೆ ತಿಳಿಯುತ್ತಿತ್ತು. ಕಾಮಗಾರಿಯ ನಕ್ಷೆಯಲ್ಲಿ ಮನುಷ್ಯರ ಬದಲು ಕೆಲಸಗಳಿರುತ್ತವೆ, ಅಷ್ಟೆ.

ಕಾರ್ಖಾನೆಯ ಕೆಲಸಕ್ಕೆ ಇದನ್ನು ಮೊದಲು ಹೊಂದಿಸಿದ ಗೌರವ ಪೋಲೆಂಡಿನ ಎಂಜಿನಿಯರ್ ಕರೋಲ್ ಆದಾಮಿಯೆಟ್ಸ್ಕಿಗೆ ಸಲ್ಲಬೇಕು. ಉಕ್ಕಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಆತ 1896ರಲ್ಲಿ ರೂಪಿಸಿದ ವಿಧಾನಕ್ಕೆ ‘ಹಾರ್ಮೊನೊಗ್ರಾಮ್’ ಎಂದು ಹೆಸರು. ಪ್ರತಿ ಕೆಲಸಕ್ಕೂ ಒಂದು ಕಾಗದದ ಪಟ್ಟಿ. ಆ ಕೆಲಸಕ್ಕೆ ಮುಂಚೆ ಏನು ಮುಗಿದಿರಬೇಕು, ಅದರ ನಂತರ ಏನು ಬರಬೇಕು ಎಂಬುದು ಪಟ್ಟಿಯ ಮೇಲೆಯೇ ಬರೆದಿರುತ್ತಿತ್ತು. ಪಟ್ಟಿಗಳನ್ನು ಹಿಂದೆ ಮುಂದೆ ಸರಿಸುತ್ತ ಹೊಂದಿಸಬಹುದಾಗಿತ್ತು. ಇಂದು ಗಣಕದ ಪರದೆಯ ಮೇಲೆ ಇಲಿಯಿಂದ ಪಟ್ಟಿಯನ್ನು ಎಳೆದಾಗ ನಾವು ಮಾಡುವುದೂ ಇದನ್ನೇ. ಆದರೆ ಆತನ ಬರಹಗಳು ಬಹುಮಟ್ಟಿಗೆ ಪೋಲಿಷ್ ಮತ್ತು ರಷ್ಯನ್ ಭಾಷೆಗಳಲ್ಲಿದ್ದುದರಿಂದ ಇಂಗ್ಲಿಷ್ ಜಗತ್ತಿಗೆ ಬೇಗ ತಲುಪಲಿಲ್ಲ. ಹೆಸರು ಉಳಿದದ್ದು ಬೇರೊಬ್ಬನದು. ತಮ್ಮ ಭಾಷೆಯಲ್ಲಿ ವಿಜ್ಞಾನ ಬರೆಯುವವರಿಗೆ ಈ ಪ್ರಸಂಗ ಸ್ವಲ್ಪ ಚುಚ್ಚದೇ ಇರದು.

ಆ ಬೇರೊಬ್ಬ, ಅಮೆರಿಕದ ಹೆನ್ರಿ ಗ್ಯಾಂಟ್ (1861-1919). ಎಂಜಿನಿಯರಾಗುವ ಮುನ್ನ ಆತನೂ ಕೆಲಕಾಲ ಶಾಲಾ ಶಿಕ್ಷಕನಾಗಿದ್ದ ಎಂಬುದು ನಮ್ಮ ಓದುಗರಿಗೆ ಸಂತೋಷದ ವಿಷಯ. ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಜೊತೆ ಕೆಲಸ ಮಾಡಿದ ಗ್ಯಾಂಟ್, 1910ರ ದಶಕದಲ್ಲಿ ಯಂತ್ರ ಮತ್ತು ಕೆಲಸಗಾರರ ದೈನಂದಿನ ಪ್ರಗತಿಯನ್ನು ತೋರಿಸುವ ಪಟ್ಟಿನಕ್ಷೆಗಳನ್ನು ಬಳಕೆಗೆ ತಂದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶಸ್ತ್ರಾಸ್ತ್ರ ತಯಾರಿಕೆಯಲ್ಲಿ ಇವು ಉಪಯೋಗಕ್ಕೆ ಬಂದವು. 1922ರಲ್ಲಿ ವ್ಯಾಲೇಸ್ ಕ್ಲಾರ್ಕ್ ಬರೆದ ಪುಸ್ತಕ ‘ಗ್ಯಾಂಟ್ ನಕ್ಷೆ’ ಎಂಬ ಹೆಸರನ್ನು ಶಾಶ್ವತಗೊಳಿಸಿತು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಗ್ಯಾಂಟ್ ಬರೆದ ನಕ್ಷೆಯಲ್ಲಿ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಬಾಣವಿರಲಿಲ್ಲ. ಯಾವ ಕೆಲಸ ಯಾವುದನ್ನು ಅವಲಂಬಿಸಿದೆ ಎಂಬುದು ಮೇಸ್ತ್ರಿಯ ತಲೆಯಲ್ಲಿತ್ತೇ ಹೊರತು ಕಾಗದದ ಮೇಲೆ ಇರಲಿಲ್ಲ. ಆದಾಮಿಯೆಟ್ಸ್ಕಿ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದ್ದ.

ಭೌತವಿಜ್ಞಾನಿಯ ಕಂಪನಿ, ನೌಕಾಪಡೆಯ ಕ್ಷಿಪಣಿ

ಬಾಣಗಳು ಬಂದದ್ದು 1950ರ ದಶಕದ ಕೊನೆಯಲ್ಲಿ, ಎರಡು ಕಡೆಗಳಿಂದ ಬಹುತೇಕ ಒಂದೇ ಕಾಲಕ್ಕೆ.

ಡುಪಾಂಟ್ ರಾಸಾಯನಿಕ ಕಂಪನಿಯ ಬಳಿ ಯುನಿವ್ಯಾಕ್ ಗಣಕವಿತ್ತು. ಕಾರ್ಖಾನೆಗಳನ್ನು ಕಟ್ಟುವ ಕೆಲಸಕ್ಕೆ ಅದನ್ನು ಹೇಗೆ ಬಳಸಬಹುದೆಂದು ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ 1956-57ರಲ್ಲಿ ಯೋಚಿಸತೊಡಗಿದರು. ಪ್ರತಿ ಕೆಲಸವನ್ನು ಬಾಣವಾಗಿಸಿ ಜಾಲವೊಂದನ್ನು ಹೆಣೆದರೆ, ಆ ಜಾಲದಲ್ಲಿ ಮೊದಲಿನಿಂದ ಕೊನೆಯವರೆಗಿನ ಅತಿ ಉದ್ದನೆಯ ಹಾದಿಯೇ ಇಡೀ ಕಾಮಗಾರಿಯ ಅವಧಿ ಎಂಬುದು ಅವರಿಗೆ ಹೊಳೆಯಿತು. ಅದೇ ‘ನಿರ್ಣಾಯಕ ಪಥ’. ಲೂಯಿವಿಲ್ ಕಾರ್ಖಾನೆಯನ್ನು ದುರಸ್ತಿಗಾಗಿ ನಿಲ್ಲಿಸಬೇಕಾದ ಅವಧಿಯನ್ನು ಈ ವಿಧಾನ ಸರಾಸರಿ 125 ಗಂಟೆಗಳಿಂದ 93ಕ್ಕೆ ಇಳಿಸಿತು. ಆಮೇಲೆ ಈ ವಿಧಾನವನ್ನು ಊರೂರಿಗೆ ಹೋಗಿ ಕಲಿಸಿದ್ದು ಮಾಕ್ಲಿ ಅಸೋಸಿಯೇಟ್ಸ್ ಎಂಬ ಸಂಸ್ಥೆ. ಎನಿಯಾಕ್ ಗಣಕವನ್ನು ನಿರ್ಮಿಸಿದ ಇಬ್ಬರಲ್ಲಿ ಒಬ್ಬನಾದ ಜಾನ್ ಮಾಕ್ಲಿಯೇ ಅದರ ಸ್ಥಾಪಕ. ಮಾಕ್ಲಿ ಮೂಲತಃ ಕಾಲೇಜೊಂದರ ಭೌತವಿಜ್ಞಾನದ ಪ್ರಾಧ್ಯಾಪಕ. ನಮ್ಮ ವಿಭಾಗದವರು ಈ ಮಾತನ್ನು ಸ್ವಲ್ಪ ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಇನ್ನೊಂದು ಕಡೆ ಅಮೆರಿಕದ ನೌಕಾಪಡೆ. ಜಲಾಂತರ್ಗಾಮಿಯಿಂದ ಹಾರಿಸುವ ಪೊಲಾರಿಸ್ ಕ್ಷಿಪಣಿಗಾಗಿ 1958ರಲ್ಲಿ ‘ಪರ್ಟ್’ ಎಂಬ ವಿಧಾನ ಸಿದ್ಧವಾಯಿತು. ಹಿಂದೆ ಯಾರೂ ಮಾಡದ ಕೆಲಸಕ್ಕೆ ಎಷ್ಟು ದಿನ ಬೇಕೆಂದು ಖಚಿತವಾಗಿ ಹೇಳುವುದು ಹೇಗೆ? ಪರ್ಟ್ ಮೂರು ಅಂದಾಜುಗಳನ್ನು ಕೇಳುತ್ತದೆ: ಎಲ್ಲ ಸರಿಹೋದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. ನಡುವಿನ ಅಂದಾಜನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ ನಿರೀಕ್ಷಿತ ಅವಧಿ ಸಿಗುತ್ತದೆ. ಮಕ್ಕಳು ವಿಜ್ಞಾನ ಮಾದರಿ ಸಿದ್ಧಪಡಿಸಲು ಕ್ರಮವಾಗಿ 14, 19 ಮತ್ತು 30 ದಿನ ಎಂದಿಟ್ಟುಕೊಂಡರೆ 14 + 76 + 30 = 120, ಅಂದರೆ 20 ದಿನ. ಕೆಟ್ಟ ಮತ್ತು ಒಳ್ಳೆಯ ಅಂದಾಜುಗಳ ವ್ಯತ್ಯಾಸದ ಆರನೆಯ ಒಂದು ಭಾಗ, ಅಂದರೆ ಸುಮಾರು 2.7 ದಿನ, ಮಾನಕ ವಿಚಲನೆ.

ಪೊಲಾರಿಸ್ ಕ್ಷಿಪಣಿ 1960ರ ಜುಲೈ 20ರಂದು ನೀರಿನಡಿಯಿಂದ ಯಶಸ್ವಿಯಾಗಿ ಹಾರಿತು. ಪರ್ಟ್‌ನ ಖ್ಯಾತಿಯೂ ಅದರೊಡನೆ ಹಾರಿತು. ಆದರೆ ಹಾರ್ವೆ ಸಪೋಲ್ಸ್ಕಿ ಎಂಬ ವಿದ್ವಾಂಸ 1972ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು. ಯೋಜನೆಯನ್ನು ನಿಜವಾಗಿ ನಡೆಸಿದ್ದರಲ್ಲಿ ಪರ್ಟ್‌ನ ಪಾತ್ರ ಅಲ್ಪ. ಗೋಡೆಯ ಮೇಲಿನ ದೊಡ್ಡ ದೊಡ್ಡ ನಕ್ಷೆಗಳು ಹೊರಗಿನವರ ಪ್ರಶ್ನೆಗಳನ್ನು ತಡೆಯುವ ಗುರಾಣಿಯಾಗಿ ಹೆಚ್ಚು ಉಪಯೋಗವಾದವು ಎಂಬುದು ಆತನ ವಾದ. ಕಚೇರಿಯ ಗೋಡೆಗೆ ಬಣ್ಣದ ನಕ್ಷೆ ಅಂಟಿಸಿ, ಪರಿಶೀಲನೆಗೆ ಬಂದವರಿಗೆ ತೋರಿಸಿ, ಮರುದಿನದಿಂದ ಅದರತ್ತ ತಿರುಗಿಯೂ ನೋಡದಿರುವುದು ನಮಗೂ ಪರಿಚಿತವಾದ ದೃಶ್ಯವೇ.

ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಹೆಸರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಫಾಂಡಾಲ್ ಅವರದು. ಯುನಿವ್ಯಾಕ್‌ನಂಥ ಗಣಕ ಯಾವ ಸಣ್ಣ ಗುತ್ತಿಗೆದಾರನ ಕೈಗೆ ಎಟುಕೀತು? ಗಣಕವಿಲ್ಲದೆ, ಕಾಗದ ಪೆನ್ಸಿಲುಗಳಿಂದಲೇ ನಿರ್ಣಾಯಕ ಪಥವನ್ನು ಕಂಡುಹಿಡಿಯುವ ವಿಧಾನವನ್ನು ಅವರು 1961ರಲ್ಲಿ ವಿವರಿಸಿದರು. ಕೆಲಸವನ್ನು ಬಾಣದ ಬದಲು ವೃತ್ತವಾಗಿಸಿ, ವೃತ್ತಗಳ ನಡುವೆ ಸಂಬಂಧದ ಗೆರೆ ಎಳೆಯುವ ಅವರ ಕ್ರಮವೇ ಇಂದಿನ ಬಹುತೇಕ ತಂತ್ರಾಂಶಗಳ ಒಳಗಿದೆ. ಗಣಕ ಬೇಡವೆಂದು ರೂಪಿಸಿದ ವಿಧಾನ ಕೊನೆಗೆ ಗಣಕದೊಳಗೇ ಸೇರಿಕೊಂಡಿತು!

ನಾಲ್ಕು ಊರುಗಳ ಒಂದು ಲೆಕ್ಕ

ಉದಾಹರಣೆಯಿಲ್ಲದೆ ಇದು ಮನಸ್ಸಿಗೆ ನಾಟದು. ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳಲ್ಲಿ ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನ, ಅಲ್ಲಿ ಆಯ್ಕೆಯಾದವರಿಗೆ ಹಾಸನದಲ್ಲಿ ಅಂತಿಮ ಪ್ರದರ್ಶನ ಎಂದಿಟ್ಟುಕೊಳ್ಳೋಣ. ಮೊದಲು ಸುತ್ತೋಲೆ ಸಿದ್ಧಪಡಿಸಿ ಶಾಲೆಗಳಿಗೆ ತಲುಪಿಸಬೇಕು: 4 ದಿನ. ಆಮೇಲೆ ಮೂರು ಕೆಲಸಗಳು ಒಟ್ಟಿಗೇ ಆರಂಭವಾಗಬಹುದು. ಶಾಲೆಗಳಲ್ಲಿ ಮಾದರಿಗಳ ತಯಾರಿಗೆ 20 ದಿನ, ತೀರ್ಪುಗಾರರನ್ನು ಗೊತ್ತುಮಾಡಲು 6 ದಿನ, ಹಾಸನದಲ್ಲಿ ಸಭಾಂಗಣದ ಏರ್ಪಾಟಿಗೆ 10 ದಿನ. ತೀರ್ಪುಗಾರರು ಸಿಕ್ಕ ಮೇಲೆ ಅವರಿಗೊಂದು 2 ದಿನದ ಕಮ್ಮಟ. ಮಾದರಿಗಳೂ ತೀರ್ಪುಗಾರರೂ ಸಿದ್ಧವಾದ ನಂತರ ಒಂದೇ ತಂಡ ಮೂರು ಊರುಗಳಿಗೆ ಹೋಗಿಬರಲು 3 ದಿನ. ಫಲಿತಾಂಶ ಕ್ರೋಡೀಕರಿಸಿ ತಿಳಿಸಲು 3 ದಿನ. ಬಳಿಕ ಪೋಷಕರ ಒಪ್ಪಿಗೆ ಮತ್ತು ಪ್ರಯಾಣದ ವ್ಯವಸ್ಥೆಗೆ 4 ದಿನ, ಹೆಸರು ಸಹಿತ ಪ್ರಮಾಣಪತ್ರಗಳ ಮುದ್ರಣಕ್ಕೆ 7 ದಿನ. ಇವೆರಡೂ ಜೊತೆಜೊತೆಗೇ ನಡೆಯಬಹುದು. ಕೊನೆಗೆ ಪ್ರದರ್ಶನ, 1 ದಿನ.

ಹತ್ತು ಕೆಲಸಗಳನ್ನು ಸುಮ್ಮನೆ ಕೂಡಿದರೆ 60 ದಿನ. ಆದರೆ ಅತಿ ಉದ್ದನೆಯ ಹಾದಿ ಸುತ್ತೋಲೆ, ಮಾದರಿ, ತಾಲ್ಲೂಕು ಸುತ್ತು, ಫಲಿತಾಂಶ, ಪ್ರಮಾಣಪತ್ರ, ಪ್ರದರ್ಶನ: 4 + 20 + 3 + 3 + 7 + 1 = 38 ದಿನ. ಇದಕ್ಕಿಂತ ಬೇಗ ಮುಗಿಸಲಾಗದು. ಉಳಿದ ಕೆಲಸಗಳಿಗೆ ಬಿಡುವುಂಟು. ಸಭಾಂಗಣದ ಏರ್ಪಾಟು 14ನೆಯ ದಿನಕ್ಕೆ ಮುಗಿಯಬಹುದು, ಬೇಕಾಗುವುದು 37ನೆಯ ದಿನದ ಕೊನೆಗೆ. ಬಿಡುವು 23 ದಿನ. ತೀರ್ಪುಗಾರರ ಆಯ್ಕೆಗೂ ಕಮ್ಮಟಕ್ಕೂ ಸೇರಿ 12 ದಿನ. ಈ 12 ದಿನ ಇಬ್ಬರ ಪಾಲಿಗೂ ಸೇರಿದ ಒಂದೇ ಗಂಟು. ಆಯ್ಕೆಯಲ್ಲೇ ಅದನ್ನು ಕರಗಿಸಿಬಿಟ್ಟರೆ ಕಮ್ಮಟಕ್ಕೆ ಏನೂ ಉಳಿಯದು. ಅನುಭವದಲ್ಲಿ ನಾವು ಎಲ್ಲಕ್ಕಿಂತ ಹೆಚ್ಚು ಓಡಾಡುವುದು ಸಭಾಂಗಣಕ್ಕಾಗಿ. ಲೆಕ್ಕದ ಪ್ರಕಾರ ಅತ್ಯಂತ ನಿರಾಳವಾಗಿರಬಹುದಾದ ಕೆಲಸ ಅದೇ!

ಈಗ ಅವಧಿಯನ್ನು ಕಡಿಮೆ ಮಾಡಬೇಕೆಂದು ಯಾರೋ ಒಬ್ಬ ಜಾಣ ಶಿಕ್ಷಕರು ಸೂಚಿಸುತ್ತಾರೆ: ಪ್ರಮಾಣಪತ್ರಗಳನ್ನು ಮೊದಲೇ ಮುದ್ರಿಸಿಟ್ಟು ಹೆಸರನ್ನು ಕೈಯಲ್ಲಿ ಬರೆಯೋಣ, ಒಂದೇ ದಿನ ಸಾಕು. 7 ದಿನದ ಕೆಲಸ 1 ದಿನಕ್ಕಿಳಿಯಿತು, 6 ದಿನ ಉಳಿಯಿತಲ್ಲವೆ? ಇಲ್ಲ. ಉಳಿಯುವುದು 3 ದಿನ ಮಾತ್ರ. ಏಕೆಂದರೆ ಈಗ ಪೋಷಕರ ಒಪ್ಪಿಗೆಯ 4 ದಿನ ನಿರ್ಣಾಯಕ ಪಥಕ್ಕೆ ಬಂದು ಕೂತಿದೆ, ಒಟ್ಟು ಅವಧಿ 35 ದಿನ. ಸಮಾಂತರ ಹಾದಿಗಳಲ್ಲಿ ಒಂದನ್ನು ಕಿರಿದಾಗಿಸಿದಾಗ ಮತ್ತೊಂದು ಮೇಲೇಳುತ್ತದೆ. ಮೂರು ಊರುಗಳಿಗೆ ಮೂರು ತಂಡಗಳನ್ನು ಒಂದೇ ದಿನ ಕಳಿಸಿದರೆ ಇನ್ನೆರಡು ದಿನ ಉಳಿದು 33ಕ್ಕೆ ಇಳಿಯುತ್ತದೆ, ಆದರೆ ತೀರ್ಪುಗಾರರ ಸಂಖ್ಯೆ ಮೂರು ಪಟ್ಟಾಗುತ್ತದೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಸ್ವತಃ ಮಾಡಿ ನೋಡಬೇಕು. ಹದಿನೈದು ನಿಮಿಷ ಸಾಕು.

ಪರ್ಟ್ ಲೆಕ್ಕದಲ್ಲಿ ಅಡಗಿರುವ ಒಂದು ಮೋಸವನ್ನೂ ಇಲ್ಲಿಯೇ ಕಾಣಬಹುದು. ಒಂದೊಂದು ತಾಲ್ಲೂಕಿನ ಮಾದರಿಗಳೂ ಗೊತ್ತಾದ ದಿನಕ್ಕೆ ಸಿದ್ಧವಾಗುವ ಸಂಭವನೀಯತೆ ಅರ್ಧ ಎಂದುಕೊಳ್ಳಿ. ಮೂರೂ ಸಿದ್ಧವಿರುವ ಸಂಭವನೀಯತೆ? ಅವು ಪರಸ್ಪರ ಸ್ವತಂತ್ರವಾಗಿದ್ದರೆ ಎಂಟರಲ್ಲಿ ಒಂದು. ಅನೇಕ ಹಾದಿಗಳು ಕೂಡುವ ಬಿಂದುವಿನಲ್ಲಿ ಪ್ರತಿಯೊಂದೂ ಸರಾಸರಿಯಲ್ಲಿ ಸರಿಯಾಗಿದ್ದರೂ ಒಟ್ಟು ಕೆಲಸ ತಡವಾಗುವುದೇ ಹೆಚ್ಚು. ಮೂಲ ಪರ್ಟ್ ಲೆಕ್ಕ ಒಂದೇ ಹಾದಿಯನ್ನು ನೋಡುವುದರಿಂದ ಅವಧಿಯನ್ನು ಕಡಿಮೆ ಎಣಿಸುತ್ತದೆ. ದೊಡ್ಡ ಕಾಮಗಾರಿಗಳು ತಡವಾಗುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ, ಸಂಭವನೀಯತೆಯ ಗುಣಾಕಾರವೂ ಒಂದು ಕಾರಣ.

ಉಚಿತವೇ, ಸ್ವತಂತ್ರವೇ?

ಸಣ್ಣ ಗಣಕಗಳು ಮೇಜಿನ ಮೇಲೆ ಬಂದಾಗ ಈ ವಿದ್ಯೆ ವ್ಯಾಪಾರದ ಸರಕಾಯಿತು. ಪ್ರಿಮವೆರಾ ಕಂಪನಿ 1983ರಲ್ಲಿ ಹುಟ್ಟಿತು, ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ಮೊದಲ ಆವೃತ್ತಿ 1984ರಲ್ಲಿ ಬಂತು. ಇವು ಇಂದಿಗೂ ಸಮರ್ಥ ತಂತ್ರಾಂಶಗಳೇ. ಆದರೆ ವರ್ಷಕ್ಕೆರಡು ಬಾರಿ ಪ್ರದರ್ಶನ ನಡೆಸುವ ಶಿಕ್ಷಕರ ತಂಡಕ್ಕೆ ಅವುಗಳ ಬೆಲೆಯೂ ಹೆಚ್ಚು, ಗುಂಡಿಗಳೂ ಹೆಚ್ಚು.

ಇತ್ತ 1983ರಲ್ಲೇ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದ. 1989ರಲ್ಲಿ ಗ್ನೂ ಸಾರ್ವಜನಿಕ ಪರವಾನಗಿ, 1991ರಲ್ಲಿ ಲಿನಕ್ಸ್, 1998ರಲ್ಲಿ ‘ಮುಕ್ತ ಆಕರ’ ಎಂಬ ಹೆಸರು ಬಂದವು. ಇಂಗ್ಲಿಷಿನ ‘ಫ್ರೀ’ ಪದಕ್ಕೆ ಎರಡರ್ಥವಿರುವುದರಿಂದ ಅಲ್ಲಿ ದೊಡ್ಡ ಗೊಂದಲ. ಕನ್ನಡದಲ್ಲಿ ಆ ಕಷ್ಟವಿಲ್ಲ. ಉಚಿತ ಎಂದರೆ ದುಡ್ಡು ಕೊಡಬೇಕಿಲ್ಲ; ಸ್ವತಂತ್ರ ಎಂದರೆ ಒಳಗಿನ ಆಕರ ಸಂಕೇತವನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಉಚಿತವಾದುದೆಲ್ಲ ಸ್ವತಂತ್ರವಲ್ಲ. ಅಂತರ್ಜಾಲದಲ್ಲಿ ಇಂದು ಉಚಿತವಾಗಿ ಸಿಗುವ ಅನೇಕ ಯೋಜನಾ ಸೇವೆಗಳು ನಾಳೆ ಶುಲ್ಕ ಕೇಳಬಹುದು, ಅಥವಾ ಬಾಗಿಲು ಮುಚ್ಚಬಹುದು. ಕೇರಳದ ಶಾಲೆಗಳು ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶವನ್ನು ಒಪ್ಪಿಕೊಂಡು ಬಹಳ ಕಾಲವಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ.

ಯೋಜನಾ ತಂತ್ರಾಂಶಗಳಲ್ಲಿ ಈ ವ್ಯತ್ಯಾಸದ ಮಹತ್ವವನ್ನು ತೋರಿಸುವ ಒಂದು ಪ್ರಸಂಗವಿದೆ. ಪ್ರೊಜಿಟಿ ಎಂಬ ಕಂಪನಿ ‘ಓಪನ್‌ಪ್ರೊಜ್’ ಎಂಬ ಮುಕ್ತ ಆಕರ ತಂತ್ರಾಂಶವನ್ನು ಹೊರತಂದಿತ್ತು. 2008ರಲ್ಲಿ ಆ ಕಂಪನಿಯನ್ನು ಸೆರೆನಾ ಎಂಬ ಇನ್ನೊಂದು ಕಂಪನಿ ಕೊಂಡುಕೊಂಡ ಮೇಲೆ ತಂತ್ರಾಂಶದ ಬೆಳವಣಿಗೆ ನಿಂತಂತಾಯಿತು. ಮುಚ್ಚಿದ ತಂತ್ರಾಂಶವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಕರ ಸಂಕೇತ ಎಲ್ಲರ ಕೈಯಲ್ಲಿದ್ದುದರಿಂದ ಅದರ ಮೂಲ ನಿರ್ಮಾಪಕರಲ್ಲಿ ಕೆಲವರೇ ಅದನ್ನು ಎತ್ತಿಕೊಂಡು 2012ರಲ್ಲಿ ‘ಪ್ರಾಜೆಕ್ಟ್‌ಲಿಬ್ರೆ’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಮುಕ್ತವಾಗಿದ್ದರೆ ಸಾಕು, ಅಮರ ಎಂದೇನೂ ಅಲ್ಲ. ಗ್ನೋಮ್ ಪರಿಸರಕ್ಕಾಗಿ ಮೊದಲು ‘ಮಿಸ್ಟರ್ ಪ್ರಾಜೆಕ್ಟ್’ ಎಂದು ಹುಟ್ಟಿ ಆಮೇಲೆ ‘ಪ್ಲ್ಯಾನರ್’ ಎಂದು ಹೆಸರಾದ ತಂತ್ರಾಂಶ ಸರಳವೂ ಚೊಕ್ಕವೂ ಆಗಿತ್ತು; ಕೆಲಸ ಮಾಡುವವರು ಕಡಿಮೆಯಾಗಿ ಅದರ ಗತಿ ಮಂದವಾಯಿತು.

ಸರಳ ಅಗತ್ಯಕ್ಕೆ ಯಾವುದು?

ಇನ್ನು ಬಳಕೆಯ ಮಾತು. ಮೇಲಿನ ಹತ್ತು ಕೆಲಸಗಳ ಲೆಕ್ಕವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಆಯ್ಕೆ ಕಷ್ಟವಲ್ಲ.

‘ಗ್ಯಾಂಟ್‌ಪ್ರಾಜೆಕ್ಟ್’ 2003ರಲ್ಲಿ ಫ್ರಾನ್ಸಿನ ಮಾರ್ನ್-ಲಾ-ವಾಲೆ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಜಾವಾ ಭಾಷೆಯಲ್ಲಿ ಬರೆದುದರಿಂದ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಕೆಲಸ ಸೇರಿಸುವುದು, ಪಟ್ಟಿಗಳ ನಡುವೆ ಅವಲಂಬನೆಯ ಬಾಣ ಎಳೆಯುವುದು, ಮೈಲಿಗಲ್ಲು ನೆಡುವುದು, ಯಾರಿಗೆ ಯಾವ ಕೆಲಸ ಎಂದು ಹಂಚುವುದು, ನಿರ್ಣಾಯಕ ಪಥವನ್ನು ಎತ್ತಿ ತೋರಿಸುವುದು ಇಷ್ಟಕ್ಕೆ ಅರ್ಧ ಗಂಟೆಯ ಕಲಿಕೆ ಸಾಕು. ಶಿಕ್ಷಕರ ಅಗತ್ಯಕ್ಕೆ ನನ್ನ ಮೊದಲ ಮತ ಇದಕ್ಕೇ. ಪ್ರಾಜೆಕ್ಟ್‌ಲಿಬ್ರೆ ಇದಕ್ಕಿಂತ ಭಾರಿ. ಜಾಲನಕ್ಷೆ, ಸಂಪನ್ಮೂಲದ ಸ್ತಂಭಾಲೇಖ, ವೆಚ್ಚದ ಲೆಕ್ಕ ಎಲ್ಲವೂ ಇದೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ಕಡತಗಳನ್ನು ತೆರೆಯಬಲ್ಲದು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಬೇರೆಯವರಿಂದ ಅಂಥ ಕಡತ ಬರುವವರಿಗೆ ಇದು ಸೂಕ್ತ. ‘ಟಾಸ್ಕ್‌ಜಗ್ಲರ್’ ವಿಚಿತ್ರ ಆಸಾಮಿ. ಅದರಲ್ಲಿ ಇಲಿಗೆ ಕೆಲಸ ಕಡಿಮೆ. ಯೋಜನೆಯನ್ನು ಒಂದು ಸಣ್ಣ ಕ್ರಮವಿಧಿಯಂತೆ ಪಠ್ಯದಲ್ಲಿ ಬರೆದುಕೊಟ್ಟರೆ ಅದು ವೇಳಾಪಟ್ಟಿಯನ್ನು ತಾನೇ ಹೆಣೆಯುತ್ತದೆ. ಲೇಟೆಕ್‌ನಲ್ಲಿ ಪ್ರಬಂಧ ಬರೆಯುವ ಸಂಶೋಧನಾ ವಿದ್ಯಾರ್ಥಿಗಳು ಇದನ್ನು ಇಷ್ಟಪಡುತ್ತಾರೆ, ಉಳಿದವರು ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ.

ಇವು ಯಾವುವೂ ಬೇಡ, ಲಿಬ್ರೆಆಫೀಸ್‌ನ ಕ್ಯಾಲ್ಕ್ ಹಾಳೆಯೇ ಸಾಲದೆ ಎಂದು ಕೇಳಬಹುದು. ಕೆಲಸಗಳು ಹತ್ತೇ ಇದ್ದು, ದಿನಾಂಕ ಬದಲಾಗದೆ ಇದ್ದರೆ ಸಾಕು. ಅಷ್ಟೇಕೆ, ಫಾಂಡಾಲ್ ಅವರ ಪೆನ್ಸಿಲೂ ಸಾಕು. ಕಷ್ಟ ಬರುವುದು ಸುತ್ತೋಲೆ ನಾಲ್ಕು ದಿನ ತಡವಾದಾಗ. ಹಾಳೆಯಲ್ಲಿ ಅವಲಂಬನೆಯ ಸೂತ್ರಗಳನ್ನು ಹಾಕದೆ ಚೌಕಗಳಿಗೆ ಬಣ್ಣ ಮಾತ್ರ ತುಂಬಿದ್ದರೆ ಎಲ್ಲವನ್ನೂ ಕೈಯಿಂದ ಸರಿಸಬೇಕು. ಯೋಜನಾ ತಂತ್ರಾಂಶದಲ್ಲಿ ಒಂದನ್ನು ಸರಿಸಿದರೆ ಅದರ ಹಿಂದಿನವು ತಾವಾಗಿ ಸರಿಯುತ್ತವೆ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಕೆಲಸಗಳು ಎಷ್ಟಿವೆ ಎಂಬುದಲ್ಲ, ದಿನಾಂಕಗಳು ಎಷ್ಟು ಬಾರಿ ಬದಲಾಗುತ್ತವೆ ಎಂಬುದು.

ಒಂದು ಮಿತಿ ಎಲ್ಲ ತಂತ್ರಾಂಶಗಳಿಗೂ ಉಂಟು. ನಿರ್ಣಾಯಕ ಪಥ ಹುಡುಕುವುದು ಗಣಕಕ್ಕೆ ಸುಲಭದ ಲೆಕ್ಕ, ಸಾವಿರಾರು ಕೆಲಸಗಳಿದ್ದರೂ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಆದರೆ ‘ತೀರ್ಪುಗಾರರ ತಂಡ ಒಂದೇ, ಊರುಗಳು ಹಲವು’ ಎಂಬ ನಿರ್ಬಂಧ ಸೇರಿದೊಡನೆ ಲೆಕ್ಕದ ಸ್ವರೂಪವೇ ಬದಲಾಗುತ್ತದೆ. ಮೂರು ಊರುಗಳನ್ನು 6 ಕ್ರಮಗಳಲ್ಲಿ ಸುತ್ತಬಹುದು, ಹತ್ತು ಊರುಗಳಾದರೆ 36,28,800 ಕ್ರಮಗಳು. ಸಂಪನ್ಮೂಲದ ಮಿತಿಯಿರುವ ವೇಳಾಪಟ್ಟಿಯಲ್ಲಿ ಅತ್ಯುತ್ತಮವಾದುದನ್ನು ಖಾತ್ರಿಯಾಗಿ, ವೇಗವಾಗಿ ಕೊಡುವ ಸಾಮಾನ್ಯ ವಿಧಾನ ಯಾರಿಗೂ ತಿಳಿದಿಲ್ಲ. ತಂತ್ರಾಂಶ ಕೊಡುವುದು ಕೆಲಸಕ್ಕೆ ಬರುವ ಒಂದು ಉತ್ತರ, ಅತ್ಯುತ್ತಮ ಉತ್ತರವೇ ಆಗಬೇಕೆಂದಿಲ್ಲ. ಹಾಗೆಯೇ ಭೂಸ್ವಾಧೀನ ಎಷ್ಟು ವರ್ಷ ಹಿಡಿಯುತ್ತದೆ, ಹಣ ಯಾವ ಬಜೆಟ್ಟಿನಲ್ಲಿ ಬರುತ್ತದೆ ಎಂಬುದನ್ನು ಅದು ಹೇಳದು. ನಾವು ತುಂಬಿದ ಅಂಕಿಯನ್ನೇ ಅದು ಬಣ್ಣ ಬಳಿದು ನಮಗೆ ಹಿಂದಿರುಗಿಸುತ್ತದೆ. ಹಾಸನ-ಬೆಂಗಳೂರು ರೈಲುಮಾರ್ಗದ ಎರಡು ದಶಕಗಳನ್ನು ಯಾವ ಗ್ಯಾಂಟ್ ನಕ್ಷೆಯೂ ಹತ್ತಕ್ಕೆ ಇಳಿಸುತ್ತಿರಲಿಲ್ಲ. ಯಾವ ಚೌಕದಲ್ಲಿ ಕೆಲಸ ಸಿಕ್ಕಿಕೊಂಡಿದೆ ಎಂಬುದನ್ನು ಸಾರ್ವಜನಿಕರಿಗೆ ತೋರಿಸಬಹುದಿತ್ತು. ಅದೇನೂ ಸಣ್ಣ ಉಪಕಾರವಲ್ಲ.

ಬಳಸತೊಡಗುವವರು ಎರಡು ಸಂಗತಿಗಳನ್ನು ಮೊದಲೇ ನೋಡಿಕೊಳ್ಳಬೇಕು. ಒಂದು, ಪಂಚಾಂಗ. ಈ ತಂತ್ರಾಂಶಗಳು ಸಾಮಾನ್ಯವಾಗಿ ಶನಿವಾರ, ಭಾನುವಾರ ಎರಡನ್ನೂ ರಜೆಯೆಂದೇ ಭಾವಿಸುತ್ತವೆ. ನಮ್ಮ ಶಾಲೆಗಳಿಗೆ ಶನಿವಾರ ಬೆಳಗಿನ ತರಗತಿಯಿದೆ. ಸೋಮವಾರ ಆರಂಭಿಸಿದ 38 ಕೆಲಸದ ದಿನಗಳ ಯೋಜನೆ ವಾರಕ್ಕೆ ಆರು ದಿನದ ಲೆಕ್ಕದಲ್ಲಿ 44ನೆಯ ದಿನ ಮುಗಿದರೆ, ಐದು ದಿನದ ಲೆಕ್ಕದಲ್ಲಿ 52ನೆಯ ದಿನ ಮುಗಿಯುತ್ತದೆ. ಯಾರೂ ಗಮನಿಸದ ಒಂದು ಗುರುತಿನಿಂದ ಎಂಟು ದಿನ ಹೆಚ್ಚಾಯಿತು. ದಸರಾ ರಜೆ, ಸ್ಥಳೀಯ ರಜೆಗಳನ್ನು ಕೂಡ ನಾವೇ ತುಂಬಬೇಕು.

ಎರಡು, ಕನ್ನಡ. ಕೆಲಸಗಳ ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಆದರೆ ಯೂನಿಕೋಡ್‌ನಲ್ಲಿ ಬರೆಯಬೇಕು. ನುಡಿ ಅಥವಾ ಬರಹದ ಹಳೆಯ ಆಸ್ಕಿ ಅಕ್ಷರವಿನ್ಯಾಸದಲ್ಲಿದ್ದ ಪಠ್ಯವನ್ನು ನಕಲು ಮಾಡಿ ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಮೊದಲು ಪರಿವರ್ತಕದಿಂದ ಬದಲಾಯಿಸಿಕೊಳ್ಳಿ. ಪಿಡಿಎಫ್ ಮಾಡುವಾಗ ಒತ್ತಕ್ಷರಗಳು ಬಿಡಿಸಿಕೊಂಡು ಪಕ್ಕಪಕ್ಕ ನಿಂತರೆ ಅದೇ ನಕ್ಷೆಯನ್ನು ಚಿತ್ರಕಡತವಾಗಿ ಉಳಿಸಿ ಮುದ್ರಿಸಿ. ಗ್ಯಾಂಟ್‌ಪ್ರಾಜೆಕ್ಟ್‌ನ ಕಡತ ಎಕ್ಸ್ಎಂಎಲ್ ರೂಪದ್ದು, ಅಂದರೆ ಬರಿಯ ಪಠ್ಯ. ಹತ್ತು ವರ್ಷಗಳ ನಂತರ ಆ ತಂತ್ರಾಂಶ ನಿಮ್ಮ ಗಣಕದಲ್ಲಿ ಇಲ್ಲದಿದ್ದರೂ, ಯಾವುದೇ ಸರಳ ಪಠ್ಯ ಸಂಪಾದಕದಲ್ಲಿ ಅದನ್ನು ತೆರೆದು ‘ಪ್ರಮಾಣಪತ್ರ ಮುದ್ರಣ, 7’ ಎಂದು ಬರೆದಿದ್ದನ್ನು ಓದಬಹುದು.